ಮೊಮ್ಮಗಳಿಗೆ ಗಣಿತದಲ್ಲಿ ‘ಮೂರು’

ಅಮೆರಿಕದಲ್ಲಿರುವ ಮೊಮ್ಮಗಳು ವಿಡಿಯೊ ಕಾಲ್‌ನಲ್ಲಿ ‘ಗಣಿತದಲ್ಲಿ ಮೂರು ಬಂತು’ ಎಂದರೆ ಊರಿನ ತಾತ ಕೇಳುವ ಮೊದಲ ಪ್ರಶ್ನೆ ‘ಎಷ್ಟಕ್ಕೆ?’ ನಾಲ್ಕಕ್ಕೆ ಎಂದೊಡನೆ ಶೇ 75 ಎಂದು ಮನಸ್ಸಿನಲ್ಲೇ ಲೆಕ್ಕ ಮುಗಿದಿರುತ್ತದೆ. ಲೆಕ್ಕ ತಪ್ಪುವುದು ಅಲ್ಲೇ. ಇಲ್ಲಿ, ಅಮೆರಿಕದಲ್ಲಿ, ಎಷ್ಟೋ ಸರ್ಕಾರಿ ಶಾಲೆಗಳ ಮಾರ್ಕ್ಸ್ ಕಾರ್ಡಿನಲ್ಲಿರುವ 1, 2, 3, 4 ಶೇಕಡಾವಾರು ಅಲ್ಲ, ಮೆಟ್ಟಿಲು. 3 ಎಂದರೆ ಆ ತರಗತಿಗೆ ನಿಗದಿಯಾದ ಕೌಶಲವನ್ನು ಮಗು ಯಾರ ನೆರವೂ ಇಲ್ಲದೆ ಮಾಡುತ್ತದೆ. 2 ಎಂದರೆ ದಾರಿ ಗೊತ್ತು, ನಡುವೆ ಎಡವುತ್ತದೆ. 1 ಎಂದರೆ ಕೈ ಹಿಡಿದರೆ ಮಾತ್ರ. ತರಗತಿಯಲ್ಲಿ ಕಾಣದ ಹೊಸ ಲೆಕ್ಕಕ್ಕೂ ಅದೇ ಕೌಶಲವನ್ನು ಹೊಂದಿಸಿಕೊಳ್ಳಬಲ್ಲ ಮಗುವಿಗೆ 4. ಅಂದರೆ 3 ಬಂದ ಮಗುವಿಗೆ ಪಾಠ ಬಂದಿದೆ.

ಎಂಟನೇ ತರಗತಿಯ ಗಣಿತವನ್ನೇ ತೆಗೆದುಕೊಳ್ಳಿ. ಸರಳರೇಖೆಯ ಅಧ್ಯಾಯ ಮುಗಿದಾಗ ಒಂದೇ ದೊಡ್ಡ ಟೆಸ್ಟ್, ಒಂದೇ ಮೊತ್ತ ಇರುವುದಿಲ್ಲ. ಎರಡು ಬಿಂದುಗಳಿಂದ ರೇಖೆಯ ಇಳಿಜಾರು ಕಂಡುಹಿಡಿಯುವುದು, ಸಮೀಕರಣ ನೋಡಿ ನಕ್ಷೆ ಎಳೆಯುವುದು, ಕೋಷ್ಟಕದಿಂದ ಸಮೀಕರಣ ಬರೆಯುವುದು, ಎರಡು ಸಮೀಕರಣಗಳ ಜೋಡಿಯನ್ನು ಬಿಡಿಸುವುದು ಎಂದು ನಾಲ್ಕಾಗಿ ಒಡೆಯುತ್ತಾರೆ. ಒಂದೊಂದಕ್ಕೂ ಬೇರೆ ಹಾಳೆ, ಹಾಳೆಗೆ ಮೂರು-ನಾಲ್ಕು ಪ್ರಶ್ನೆ, ಬೇರೆ ಅಂಕ. ವರ್ಷಕ್ಕೆ ಇಂಥ 20–25 ಕೌಶಲ ಸಾಕು. ಪಠ್ಯಕ್ರಮದ ಪ್ರತಿ ಸಾಲನ್ನೂ ಕೌಶಲ ಮಾಡಹೊರಟು ಪಟ್ಟಿಯನ್ನು 60ಕ್ಕೆ ಬೆಳೆಸಿಕೊಂಡವರು ಕ್ರಿಸ್‌ಮಸ್ ರಜೆಯ ಹೊತ್ತಿಗೆ ಕೈಚೆಲ್ಲುತ್ತಾರೆ.

ಈ ಪದ್ಧತಿಯ ಶಿಕ್ಷಕರು ಅಂಕಗಳ ಸರಾಸರಿ ತೆಗೆಯುವುದಿಲ್ಲ. ಸರಾಸರಿಯ ಮೇಲೆ ಅವರಿಗೆ ಏಕಿಷ್ಟು ಸಿಟ್ಟು? ಒಂದು ಮಗು ಒಂದೇ ಕೌಶಲದಲ್ಲಿ ಕ್ರಮವಾಗಿ 40, 60, 90, 95 ತೆಗೆದಿದೆ ಎನ್ನಿ. ಸರಾಸರಿ 71.25, ಇಲ್ಲಿನ ಲೆಕ್ಕದಲ್ಲಿ ‘ಸಿ’ ಗ್ರೇಡ್. ಮಗುವಿಗೆ ಈಗ ವಿಷಯ ಬರುತ್ತದೆ. ಮೊದಲು ಬರುತ್ತಿರಲಿಲ್ಲ ಎಂಬುದಕ್ಕೆ ಇನ್ನೂ ದಂಡ ಕಟ್ಟುತ್ತಿದೆ. ಸೊನ್ನೆಯಂತೂ ಇನ್ನೂ ಕೆಟ್ಟದ್ದು: ಐದು ಸಲ 90, ಕೊಡದೆ ಉಳಿದ ಒಂದು ಹೋಂವರ್ಕಿಗೆ 0, ಅಲ್ಲಿಗೆ ಸರಾಸರಿ 75. ಅದಕ್ಕೇ ಹೋಂವರ್ಕ್, ಸಮಯಪಾಲನೆ ಎಲ್ಲ ಬೇರೆ ಕಾಲಮ್ಮಿಗೆ ಹೋಗುತ್ತವೆ. ಗಣಿತದ ಅಂಕ ಗಣಿತದ್ದು ಮಾತ್ರ.

ಕೌಶಲ ಬರುವವರೆಗೂ ಅವಕಾಶ ಕೊಡಬೇಕೆಂಬ ವಿಚಾರವನ್ನು ಷಿಕಾಗೊ ವಿಶ್ವವಿದ್ಯಾಲಯದ ಶಿಕ್ಷಣ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ 1968ರಲ್ಲೇ ಮುಂದಿಟ್ಟಿದ್ದರು. ಸಣ್ಣ ಘಟಕ, ಕೊನೆಗೆ ಒಂದು ಪರೀಕ್ಷೆ, ಎಡವಿದವರಿಗೆ ಎಡವಿದ್ದನ್ನಷ್ಟೇ ತಿದ್ದುವ ಪಾಠ, ಆಮೇಲೆ ಅದೇ ತೂಕದ ಎರಡನೇ ಪರೀಕ್ಷೆ. ಈ ಎರಡನೇ ಪ್ರಶ್ನೆಪತ್ರಿಕೆಯ ಮೇಲೇ ಇಡೀ ಪದ್ಧತಿ ನಿಂತಿದೆ.

ಮರುಪರೀಕ್ಷೆ ಕೇಳಿದ ಕೂಡಲೇ ಸಿಗುವುದಲ್ಲ, ಸಿಗಲೂಬಾರದು. ಚೆನ್ನಾಗಿ ನಡೆಯುವ ತರಗತಿಯಲ್ಲಿ ಮಗು ಮೊದಲು ಒಂದು ಚೀಟಿ ತುಂಬಬೇಕು: ಯಾವ ಪ್ರಶ್ನೆ ತಪ್ಪಿತು, ತಪ್ಪಿದ್ದು ಯಾವ ಹಂತದಲ್ಲಿ, ಸರಿಯಾದ ಬಿಡಿಸುವಿಕೆ ಏನು. ‘ಗಮನವಿಟ್ಟು ಮಾಡಲಿಲ್ಲ’ ಎಂದು ಬರೆದ ಚೀಟಿ ವಾಪಸ್ ಬರುತ್ತದೆ; ಅದು ಕಾರಣವಲ್ಲ, ಕ್ಷಮೆಯ ಅರ್ಜಿ. ಚೀಟಿಯ ಜತೆಗೆ ಅದೇ ಕೌಶಲದ ಎಂಟು-ಹತ್ತು ಅಭ್ಯಾಸ ಲೆಕ್ಕ. ಹೋಂವರ್ಕಿಗೆ ಅಂಕ ಇಲ್ಲದಿದ್ದರೂ ಮಕ್ಕಳು ಅದನ್ನು ಮಾಡುವುದು ಇದರಿಂದಲೇ. ಇಷ್ಟಾದ ಮೇಲೆ, ಹಿಂದಿನ ಟೆಸ್ಟ್ ಕೈಸೇರಿದ ಎರಡು ವಾರದೊಳಗೆ, ಆ ಒಂದು ಹಾಳೆಯನ್ನು ಮಾತ್ರ ಮತ್ತೆ ಬರೆಯಬಹುದು. ಚೀಟಿಯ ಕಟ್ಟುಪಾಡು ಇಲ್ಲದ ಕಡೆ ಮೊದಲ ಟೆಸ್ಟೇ ತಾಲೀಮಾಗುತ್ತದೆ. ಓದದೆ ಬಂದು ಪ್ರಶ್ನೆ ಹೇಗಿರುತ್ತವೆ ಎಂದು ನೋಡಿಕೊಂಡು ಹೋಗುತ್ತಾರೆ.

ಹೆಚ್ಚಿನವರು ಜಾರುವುದು ಎರಡನೇ ಪ್ರಶ್ನೆಪತ್ರಿಕೆ ತಯಾರಿಸುವಲ್ಲಿ. ಮೊದಲ ಪತ್ರಿಕೆಯಲ್ಲಿ (−3, 5), (6, −1) ಎಂಬ ಬಿಂದುಗಳನ್ನು ಕೊಟ್ಟು ಇಳಿಜಾರು ಕೇಳಿದ್ದಾರೆ ಎನ್ನಿ. ಉತ್ತರ −2/3. ಋಣ ಚಿಹ್ನೆಯನ್ನು ಕಳೆಯುವಾಗ ತಪ್ಪುವ ಮಗು 6ರಿಂದ −3ರ ಬದಲು 3 ಕಳೆದು −6/3, ಅಂದರೆ −2 ಎಂದು ಬರೆಯುತ್ತದೆ. ಎರಡನೇ ಪತ್ರಿಕೆಯಲ್ಲಿ (2, 3), (4, 7) ಕೊಟ್ಟರೆ? ಉತ್ತರ 2, ಮಗು ಸಲೀಸಾಗಿ ಮಾಡುತ್ತದೆ, 3 ಸಿಗುತ್ತದೆ, ರೋಗ ಇದ್ದಲ್ಲೇ ಇರುತ್ತದೆ. ಸಂಖ್ಯೆ ಬದಲಾಗಬೇಕು, ಮುಳ್ಳು ಬದಲಾಗಬಾರದು. (−4, 7), (8, −2) ಕೊಟ್ಟರೆ ಸರಿ ಉತ್ತರ −3/4, ಹಳೇ ತಪ್ಪು ಮಾಡಿದವರದು −9/4. ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಇಂಥ ಮೂರು ಪತ್ರಿಕೆಗಳನ್ನು ಬೇಸಿಗೆ ರಜೆಯಲ್ಲೇ ಸಿದ್ಧಪಡಿಸಿಟ್ಟುಕೊಂಡವರು ಬಚಾವ್.

ಒಬ್ಬ ಶಿಕ್ಷಕರಿಗೆ ಐದು ತರಗತಿ, 120–150 ಮಕ್ಕಳು. ಒಂಬತ್ತು ವಾರದ ಅವಧಿ ಮುಗಿಯುವ ಕೊನೆಯ ವಾರ ಎಲ್ಲರೂ ಒಟ್ಟಿಗೆ ಮರುಪರೀಕ್ಷೆಗೆ ಬಂದರೆ ಕತೆ ಮುಗಿಯಿತು. ಹಾಗಾಗಿ ದಿನಕ್ಕೆ ಒಂದೇ ಹಾಳೆ, ವಾರದಲ್ಲಿ ಎರಡೇ ದಿನ, ಕೊನೆಯ ಐದು ದಿನ ಬಂದ್ ಎಂಬ ನಿಯಮಗಳು. ಇನ್ನೊಂದು ತೊಂದರೆ ಮರೆವು. ಸೆಪ್ಟೆಂಬರಿನಲ್ಲಿ ಬಂದ 3, ಜನವರಿಗೆ ಉಳಿದಿರುತ್ತದೆಯೇ? ಹೊಸ ಟೆಸ್ಟಿನಲ್ಲಿ ಹಳೆಯ ಕೌಶಲದ ಒಂದೆರಡು ಪ್ರಶ್ನೆ ಸೇರಿಸಿ, ತಪ್ಪಿದರೆ ಅಂಕ ಇಳಿಸುವವರಿದ್ದಾರೆ. ಮಕ್ಕಳು ಜಗಳಕ್ಕೆ ಬರುತ್ತಾರೆ. ಆದರೂ ಏರುವ ಅಂಕ ಇಳಿಯಲೂ ಬೇಕು. ಇಲ್ಲದಿದ್ದರೆ ‘ಈಗ ಬರುತ್ತದೆ’ ಎಂಬ ಮಾತಿಗೆ ಬೆಲೆಯಿಲ್ಲ.

ಅಂಕ ದಾಖಲಿಸುವ ತಂತ್ರಾಂಶದ ಕಡೆಗೂ ಒಂದು ಕಣ್ಣಿರಲಿ. ಕೆಲವು ಶಾಲೆಗಳಲ್ಲಿ ಇತ್ತೀಚಿನ ಅಂಕವಷ್ಟೇ ನಿಲ್ಲುತ್ತದೆ. ಇನ್ನು ಕೆಲವೆಡೆ ಕೊನೆಯದಕ್ಕೆ ಶೇ 65, ಅದಕ್ಕೂ ಹಿಂದಿನವುಗಳ ಸರಾಸರಿಗೆ ಶೇ 35 ತೂಕ: 1, 3, 3 ಬಂದ ಮಗುವಿಗೆ 2.65. ಎಲ್ಲ ಟೆಸ್ಟಿಗೂ ಸಮಾನ ತೂಕವಿರುವ ಕಡೆ ಅದೇ ಮಗುವಿಗೆ 2.33. ಶಿಕ್ಷಕರು ಬಾಗಿಲಲ್ಲಿ ಹೊರಹಾಕಿದ ಸರಾಸರಿ ಕಂಪ್ಯೂಟರಿನ ಕಿಟಕಿಯಿಂದ ಒಳಬಂದಿರುತ್ತದೆ.

ಅಮೆರಿಕದ ರಾಜ್ಯಗಳ ಮಟ್ಟದಲ್ಲಿ ಹಾದಿ ಸುಗಮವಾಗಿಲ್ಲ. ನ್ಯೂ ಹ್ಯಾಂಪ್‌ಶೈರ್ 2005ರ ನಿಯಮಗಳಲ್ಲೇ, ಕುಳಿತ ಗಂಟೆಗಳಿಗಲ್ಲ, ಬಂದ ವಿದ್ಯೆಗೆ ಕ್ರೆಡಿಟ್ ಎಂಬ ಕಡೆಗೆ ಹೊರಳಿತು. ಪಕ್ಕದ ಮೇನ್ 2012ರಲ್ಲಿ ಹೈಸ್ಕೂಲ್ ಡಿಪ್ಲೊಮಾವನ್ನೇ ಕೌಶಲಗಳ ಮೇಲಿನ ಹಿಡಿತಕ್ಕೆ ಕಟ್ಟುವ ಕಾನೂನು ಮಾಡಿ, 2018ರಲ್ಲಿ ಆ ಕಡ್ಡಾಯವನ್ನು ಕೈಬಿಟ್ಟಿತು. 1–4ರ ಅಂಕಿಗಳನ್ನು ಕಾಲೇಜುಗಳು ಹೇಗೆ ಓದುತ್ತವೋ ಎಂಬ ಪೋಷಕರ ದಿಗಿಲು ಅಲ್ಲಿ ದೊಡ್ಡ ತಕರಾರಾಗಿತ್ತು.

ನಮ್ಮ ಕರ್ನಾಟಕದಲ್ಲಿ 2024ರಿಂದ ಎಸ್ಸೆಸ್ಸೆಲ್ಸಿಗೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಬಂದದ್ದರಲ್ಲಿ ಉತ್ತಮ ಅಂಕ ಉಳಿಯುತ್ತದೆ. ಇದೂ ಎರಡನೇ ಅವಕಾಶವೇ, ಆದರೆ ಬರೆಯಬೇಕಾದ್ದು ಇಡೀ ವಿಷಯವನ್ನು. ಎಡವಿದ ಜಾಗ ಯಾವುದೆಂದು ಮಾರ್ಕ್ಸ್ ಕಾರ್ಡ್ ಹೇಳುವುದಿಲ್ಲ. ಅಮೆರಿಕದ ಈ ತರಗತಿಗೆ ನಿಜವಾದ ನೆಂಟ ನಮ್ಮ ನಲಿಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಆ ಪದ್ಧತಿಯಲ್ಲಿ ಮಗು ತನ್ನ ವೇಗದಲ್ಲಿ ಕಲಿಕಾ ಏಣಿಯ ಕಾರ್ಡುಗಳನ್ನು ದಾಟುತ್ತದೆ. ಏಣಿ ಹತ್ತಿಸಿ ಗೊತ್ತಿರುವ ನಲಿಕಲಿ ಶಿಕ್ಷಕಿಗೆ ಅಮೆರಿಕದ ಕೌಶಲಪಟ್ಟಿ ಹೊಸದೆನಿಸದು.

ವರ್ಷದ ನಡುವೆ ಊರಿಗೆ ಮರಳುವ ಕುಟುಂಬಗಳು ಟಿ.ಸಿ. ಜತೆಗೆ 1ರಿಂದ 4ರ ಅರ್ಥ ವಿವರಿಸುವ ಪತ್ರವನ್ನೂ ಶಾಲೆಯ ಲೆಟರ್‌ಹೆಡ್‌ನಲ್ಲಿ, ಸಹಿ ಹಾಕಿಸಿ ತರಬೇಕು. ಕೌಶಲವಾರು ಪಟ್ಟಿಯ ಪ್ರತಿಯೂ ಇರಲಿ. ಅದಿಲ್ಲದಿದ್ದರೆ ಹೊಸ ಶಾಲೆಯ ಕಚೇರಿಯಲ್ಲಿ ಯಾರೋ 3ನ್ನು 4ರಿಂದ ಭಾಗಿಸಿ 75 ಎಂದು ಬರೆದುಕೊಳ್ಳುತ್ತಾರೆ.