ರೇಸ್ ಇಲ್ಲದಿದ್ದರೂ ಹೋಗ್ತೀನಿ

"ರೇಸೇ ಇಲ್ಲದ ದಿನ ಆ ಟ್ರ್ಯಾಕ್‌ನಲ್ಲಿ ನೋಡೋಕೆ ಏನಿರುತ್ತೆ?"

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ರಜೆ ಸಿಕ್ಕರೆ ನಾನು ಕಾರ್ ರೇಸ್ ಟ್ರ್ಯಾಕ್‌ಗಳನ್ನು ನೋಡಲು ಹೋಗುತ್ತೇನೆ. ರೇಸ್ ಇದ್ದರೆ ರೇಸ್ ನೋಡುತ್ತೇನೆ, ಇಲ್ಲದಿದ್ದರೆ ಟ್ರ್ಯಾಕ್ ನೋಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಓದಿ ಅಂತ ಕಳಿಸುತ್ತೇನೆ.

ಮೊದಲು ಚಿಲ್ಲರೆ ಪ್ರಶ್ನೆಗಳನ್ನು ಮುಗಿಸಿಬಿಡೋಣ. ನಾನು ರೇಸ್ ಓಡಿಸುವುದಿಲ್ಲ. ಓಡಿಸಬೇಕೆಂಬ ಆಸೆಯೂ ಇಲ್ಲ. ಬ್ಯಾಟ್ ಹಿಡಿಯದವರು ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಹೋಗಲ್ವಾ? ದುಡ್ಡು ನನ್ನದು, ನಾನೇ ದುಡಿದದ್ದು. "ಮನೆಯವರು ಏನೂ ಅನ್ನಲ್ವಾ?" ಎನ್ನುವ ಪ್ರಶ್ನೆಯನ್ನು ಟ್ರೆಕ್ಕಿಂಗ್ ಹೋಗುವ ನನ್ನ ತಮ್ಮನಿಗೆ ಇದುವರೆಗೆ ಯಾರೂ ಕೇಳಿಲ್ಲ. ಆದ್ದರಿಂದ ನಾನೂ ಉತ್ತರ ಕೊಡುವುದಿಲ್ಲ.

ಇನ್ನು ಅಸಲಿ ಪ್ರಶ್ನೆ. ತಿಪಟೂರಿನಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ಎದುರಿಗೆ ಸೋದರಮಾವ ಕೂತಿದ್ದರು. ಕೋಸಂಬರಿ ಬಡಿಸುವಷ್ಟರಲ್ಲೇ ಶುರು ಮಾಡಿದರು. "ಏನಮ್ಮ, ಬೆಲ್ಜಿಯಂವರೆಗೂ ಹೋಗಿ ರೋಡ್ ನೋಡ್ಕೊಂಡು ಬಂದ್ಯಂತೆ? ಅದರ ಬದಲು ನೈಸ್ ರೋಡಲ್ಲೇ ಒಂದು ರೌಂಡ್ ಹೊಡೆದಿದ್ರೆ ಆಗ್ತಿರಲಿಲ್ವಾ?" ಇಡೀ ಪಂಕ್ತಿ ನಕ್ಕಿತು. ಹೋಳಿಗೆ ಬಡಿಸುತ್ತಿದ್ದ ಹುಡುಗ ತಟ್ಟೆ ಹಿಡಿದುಕೊಂಡೇ ನಿಂತು ನಕ್ಕ. ಮಾವ ಒಳ್ಳೆಯವರು, ಚುಚ್ಚಬೇಕೆಂದು ಹೇಳಿದ್ದಲ್ಲ. ಆ ದಿನ ತುಪ್ಪ ಹಾಕಿಸಿಕೊಂಡು ಸುಮ್ಮನಾದೆ. ಇವತ್ತು ಹೇಳುತ್ತೇನೆ.

ಮಾವ, ಹೆದ್ದಾರಿ ಕಟ್ಟುವವರಿಗೆ ಒಂದೇ ಚಿಂತೆ. ತಿರುವು ಬಂದದ್ದೇ ಗೊತ್ತಾಗದ ಹಾಗೆ ಗಾಡಿ ದಾಟಿಹೋಗಬೇಕು. ಓಡಿಸುವವನು ಮನೆ ಲೋನಿನ ಬಗ್ಗೆ ಯೋಚಿಸುತ್ತಿದ್ದರೂ ಕ್ಷೇಮವಾಗಿ ಊರು ಸೇರಬೇಕು. ರೇಸ್ ಟ್ರ್ಯಾಕ್ ಕಟ್ಟುವವರು ತಿರುವನ್ನು ಬೇಕೆಂದೇ ಕಷ್ಟವಾಗಿಡುತ್ತಾರೆ. ಇಳಿಜಾರಿನಲ್ಲಿ ಬ್ರೇಕ್ ಹಾಕಿಸುತ್ತಾರೆ. ದಿಬ್ಬದ ಆಚೆ ಏನಿದೆ ಅಂತ ಕಾಣದ ಕಡೆ ಕಾರು ತಿರುಗಿಸಬೇಕಾಗುತ್ತದೆ. ರೇಸ್ ದಿನ ಇದೆಲ್ಲ ಕಣ್ಣಿಗೆ ಬೀಳುವುದೇ ಇಲ್ಲ, ಕಾರುಗಳು ಅಷ್ಟು ಬೇಗ ಹೋಗಿಬಿಡುತ್ತವೆ. ಖಾಲಿ ಟ್ರ್ಯಾಕ್‌ನ ಅಂಚಿನಲ್ಲಿ ನಿಂತರೆ ಎಲ್ಲ ಓದಿಕೊಳ್ಳಬಹುದು. ಕಾರುಗಳು ಹಿಡಿಯುವ ಸಾಲಿನಲ್ಲಿ ರಬ್ಬರ್ ಕೂತು ಟಾರು ಕಪ್ಪಾಗಿರುತ್ತದೆ. ಅದರ ಆಚೆ ಟೈರಿನಿಂದ ಉದುರಿದ ರಬ್ಬರ್ ಚೂರುಗಳು ಬಿದ್ದಿರುತ್ತವೆ. ರೇಸಿನವರು ಅದಕ್ಕೆ ಮಾರ್ಬಲ್ಸ್ ಅಂತಾರೆ, ಅದರ ಮೇಲೆ ಚಕ್ರ ಹತ್ತಿದರೆ ಕಾರು ಜಾರುತ್ತದೆ. ಬ್ರೇಕಿನ ಗುರುತು ಎಲ್ಲಿ ಶುರುವಾಗುತ್ತದೆ, ಯಾರು ಎಲ್ಲಿ ತಪ್ಪಿ ಹುಲ್ಲಿಗೆ ಇಳಿದರು, ಎಲ್ಲವೂ ಅಲ್ಲೇ ಇರುತ್ತದೆ.

ಬೆಲ್ಜಿಯಂನಲ್ಲಿ ನಾನು ನೋಡಲು ಹೋಗಿದ್ದು ಸ್ಪಾ ಟ್ರ್ಯಾಕ್. ಆರ್ಡೆನ್ ಕಾಡಿನ ನಡುವೆ 7.004 ಕಿಲೋಮೀಟರ್. ಮೊದಲ ತಿರುವು ದಾಟಿ ಕಾರುಗಳು ಕಡಿದಾದ ಇಳಿಜಾರಿನಲ್ಲಿ ಧುಮುಕುತ್ತವೆ. ಕೆಳಗೆ ಓ ರೂಜ್ ಎಂಬ ಸಣ್ಣ ಹಳ್ಳ. ನೀರಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಹಳ್ಳದ ಕಲ್ಲುಗಳು ಕೆಂಪಗಿವೆ. ಹಳ್ಳ ದಾಟುತ್ತಿದ್ದಂತೆ ರಸ್ತೆ ಎಡಕ್ಕೆ ತಿರುಗಿ, ತಕ್ಷಣ ಬಲಕ್ಕೆ ಹೊರಳಿ, ಗೋಡೆಯ ಹಾಗೆ ಮೇಲೇಳುತ್ತದೆ. ಹೆಚ್ಚುಕಡಿಮೆ 40 ಮೀಟರ್ ಏರು. ತುದಿಯಲ್ಲಿ ಮತ್ತೆ ಎಡಕ್ಕೆ ತಿರುವು. ಅಲ್ಲಿ ಡ್ರೈವರ್‌ಗೆ ರಸ್ತೆಯೇ ಕಾಣುವುದಿಲ್ಲ, ಬರೀ ಆಕಾಶ.

"ಟಿವಿಯಲ್ಲೇ ಕಾಣುತ್ತಲ್ಲ" ಎನ್ನುತ್ತೀರಿ. ಕಾಣಲ್ಲ. ದೂರದಿಂದ ಎಳೆದು ತೋರಿಸುವ ಕ್ಯಾಮೆರಾ ಆ ಏರನ್ನು ಚಪ್ಪಟೆ ಮಾಡಿಬಿಡುತ್ತದೆ. ವರ್ಷಗಟ್ಟಲೆ ಟಿವಿಯಲ್ಲಿ ನೋಡಿದ ತಿರುವು ಅದು. ಅದರ ಬುಡದಲ್ಲಿ ನಿಂತು ತಲೆ ಎತ್ತಿದಾಗ ನನಗೆ ಗುರುತೇ ಸಿಗಲಿಲ್ಲ. ಅಲ್ಲಿ ಆಕ್ಸಿಲರೇಟರ್ ಬಿಡದೆ ಹತ್ತುತ್ತಾರೆ ಎನ್ನುವುದು ಆವತ್ತು ಮೊದಲ ಸಲ ನಿಜವಾಗಿ ಅರ್ಥವಾಯಿತು.

ಸ್ಪಾ ಮೊದಲು ಇಷ್ಟೇ ಇರಲಿಲ್ಲ. ಹಳೆಯ ಟ್ರ್ಯಾಕ್ 14 ಕಿಲೋಮೀಟರ್ ಉದ್ದ ಇತ್ತು, ಊರಿನ ರಸ್ತೆಗಳ ಮೇಲೆಯೇ ರೇಸ್ ನಡೆಯುತ್ತಿತ್ತು. ಮಾಲ್ಮೆಡಿ, ಸ್ಟಾವ್ಲೊ ಊರುಗಳ ಕಡೆ ಹೋಗುವ ಆ ರಸ್ತೆಗಳು ಈಗಲೂ ಇವೆ. ಯಾರು ಬೇಕಾದರೂ ಓಡಾಡಬಹುದು. ಮಾಸ್ತಾ ಎಂಬ ಕಡೆ ಉದ್ದನೆಯ ನೇರ ರಸ್ತೆಯ ನಡುವೆ, ಮನೆಗಳ ಪಕ್ಕದಲ್ಲೇ, ಒಂದು ಸಣ್ಣ ತಿರುಚು ಬರುತ್ತದೆ. ನಮ್ಮ ಗಾಡಿಯ ವೇಗದಲ್ಲಿ ಅದೊಂದು ತಿರುವು ಅಂತ ಕೂಡ ಅನ್ನಿಸುವುದಿಲ್ಲ.

1966ರ ರೇಸ್‌ನಲ್ಲಿ, ಮೊದಲ ಲ್ಯಾಪ್‌ನಲ್ಲೇ, ಜೋರು ಮಳೆಯಲ್ಲಿ ಜಾಕಿ ಸ್ಟೀವರ್ಟ್ ಎಂಬ ಡ್ರೈವರ್ ಅವರ ಕಾರು ಅಲ್ಲಿ ರಸ್ತೆ ಬಿಟ್ಟು ಹಾರಿತು. ನಜ್ಜುಗುಜ್ಜಾದ ಕಾರಿನೊಳಗೆ ಅವರು ಸಿಕ್ಕಿಕೊಂಡರು, ಮೈಮೇಲೆಲ್ಲ ಪೆಟ್ರೋಲ್. ಒಂದು ಕಿಡಿ ಸಾಕಿತ್ತು. ಅವರನ್ನು ಬಿಡಿಸಿದ್ದು ರಕ್ಷಣಾ ತಂಡವಲ್ಲ. ಅದೇ ಮಳೆಯಲ್ಲಿ ಜಾರಿ ಹೊರಗೆ ಬಂದಿದ್ದ ಬೇರೆ ಇಬ್ಬರು ಡ್ರೈವರ್‌ಗಳು, ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡ್ಯುರಂಟ್. ಸ್ಟೀರಿಂಗ್ ಬಿಚ್ಚದೆ ಹೊರಗೆ ಎಳೆಯುವ ಹಾಗಿರಲಿಲ್ಲ, ಬಿಚ್ಚಲು ಸ್ಪ್ಯಾನರ್ ಇರಲಿಲ್ಲ. ರೇಸ್ ನೋಡಲು ಬಂದಿದ್ದವರೊಬ್ಬರಿಂದ ಇಸಿದುಕೊಂಡು ಬಿಚ್ಚಿದರು. ಆಮೇಲೆ ಸ್ಟೀವರ್ಟ್ ತಮ್ಮ ಕಾರಿನ ಸ್ಟೀರಿಂಗ್‌ಗೆ ಒಂದು ಸ್ಪ್ಯಾನರ್ ಅಂಟಿಸಿಕೊಂಡೇ ಓಡಿಸತೊಡಗಿದರು. ಸೀಟ್ ಬೆಲ್ಟ್, ತಡೆಗೋಡೆ, ಟ್ರ್ಯಾಕ್ ಪಕ್ಕದಲ್ಲಿ ವೈದ್ಯರು ಬೇಕು ಅಂತ ವರ್ಷಗಳ ಕಾಲ ಹೋರಾಡಿದರು. ಆ ಕಾಲದಲ್ಲಿ ಅವರನ್ನು ಹೇಡಿ ಎಂದವರಿದ್ದಾರೆ. ಇವತ್ತು ಡ್ರೈವರ್‌ಗಳು ಪುಡಿಯಾದ ಕಾರಿನಿಂದ ಎದ್ದು ನಡೆದು ಬರುತ್ತಾರಲ್ಲ, ಅದರ ಹಿಂದೆ ಆ ಹೋರಾಟ ಇದೆ.

ಆ ಮನೆಗಳ ಹತ್ತಿರ ನಾನು ತುಂಬಾ ಹೊತ್ತು ನಿಂತಿದ್ದೆ. ಹಾಲಿನ ಟ್ಯಾಂಕರ್ ಒಂದು ಹೋಯಿತು. ಒಂದು ಸೈಕಲ್ ಹೋಯಿತು. ನೋಡೋಕೆ ಏನಿರುತ್ತೆ ಅಂತ ಕೇಳಿದಿರಲ್ಲ, ಇದು ಇರುತ್ತೆ.

ರೇಸ್ ಇದ್ದ ದಿನವೇ ಹೋಗಬೇಕು ಎನ್ನುವವರಿಗೆ ಇನ್ನೊಂದು ಮಾತು. 2021ರಲ್ಲಿ ಇದೇ ಸ್ಪಾದಲ್ಲಿ ಫಾರ್ಮುಲಾ 1, ಅಂದರೆ ಕಾರ್ ರೇಸಿನ ಅತಿ ದೊಡ್ಡ ವಿಶ್ವ ಚಾಂಪಿಯನ್‌ಶಿಪ್‌ನ ರೇಸ್ ದಿನ ಮಳೆ ನಿಲ್ಲಲೇ ಇಲ್ಲ. ಸಾವಿರಾರು ಜನ ಗಂಟೆಗಟ್ಟಲೆ ನೆನೆದರು. ಕೊನೆಗೆ ಕಾರುಗಳು, ಮುಂದೆ ನಿಧಾನವಾಗಿ ಹೋಗುವ ಸೇಫ್ಟಿ ಕಾರಿನ ಹಿಂದೆ ಒಂದೆರಡು ಸುತ್ತು ಮೆರವಣಿಗೆ ಹೋದವು, ಕೊಡಬೇಕಾದ ಪಾಯಿಂಟ್‌ಗಳಲ್ಲಿ ಅರ್ಧ ಮಾತ್ರ ಹಂಚಿ ರೇಸ್ ಮುಗಿಸಿದರು. ಖಾಲಿ ಟ್ರ್ಯಾಕ್ ಯಾವತ್ತೂ ಹಾಗೆ ಕೈಕೊಡುವುದಿಲ್ಲ.

ಇಷ್ಟಾದ ಮೇಲೆ, ನೀವು ಕೇಳದ ಒಂದು ಪ್ರಶ್ನೆ ಇದೆ. ಯಾರಾದರೂ ಅದನ್ನು ಕೇಳಲಿ ಅಂತ ಕಾಯುತ್ತಿದ್ದೇನೆ. ಯಾವ ಟ್ರ್ಯಾಕ್ ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ? ಊರೂರು ತಿರುಗಿದಷ್ಟೂ ನನ್ನ ತಲೆ ತಿನ್ನುವುದು ಇದೇ.

ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಟ್ರ್ಯಾಕ್ ಮೊದಲು ಎರಡನೇ ಮಹಾಯುದ್ಧದ ಕಾಲದ ವಿಮಾನ ನಿಲ್ದಾಣ. 1950ರ ಮೇ 13ರಂದು ಫಾರ್ಮುಲಾ 1 ವಿಶ್ವ ಚಾಂಪಿಯನ್‌ಶಿಪ್‌ನ ಮೊಟ್ಟಮೊದಲ ರೇಸ್ ನಡೆದದ್ದು ಅಲ್ಲಿ. ಚೆನ್ನೈನ ಉತ್ತರಕ್ಕಿರುವ ಶೋಲಾವರಂ ಕೂಡ ಅದೇ ಯುದ್ಧದ ಕಾಲದ ರನ್‌ವೇ. ಅಲ್ಲಿಯೂ ದಶಕಗಳ ಕಾಲ ರೇಸ್ ನಡೆಯಿತು. ವಿಜಯ್ ಮಲ್ಯ ಎನ್ಸೈನ್ ಎಂಬ ಫಾರ್ಮುಲಾ 1 ಕಾರನ್ನು ತಂದು ಓಡಿಸಿದ್ದು ಆ ರನ್‌ವೇ ಮೇಲೆಯೇ. ಸಿಲ್ವರ್‌ಸ್ಟೋನ್ ಉಳಿಯಿತು. ಶೋಲಾವರಂನಲ್ಲಿ ಈಗ ರೇಸ್ ಇಲ್ಲ. ಆದರೆ ಶೋಲಾವರಂನ ಜನ ಉಳಿದರು. ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್‌ನವರು ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈನಲ್ಲಿ ತಮ್ಮದೇ ಟ್ರ್ಯಾಕ್ ಕಟ್ಟಿದರು. 1990ರಲ್ಲಿ ಅದು ಶುರುವಾಯಿತು. ಉದ್ದ 3.717 ಕಿಲೋಮೀಟರ್. ಇವತ್ತಿಗೂ ಕಾರು, ಬೈಕುಗಳ ರಾಷ್ಟ್ರೀಯ ಚಾಂಪಿಯನ್‌ಶಿಪ್ ಅಲ್ಲಿ ನಡೆಯುತ್ತದೆ.

ಅಲ್ಲಿಗೆ ಹೋದರೆ ಸಿ-1 ತಿರುವು ಕಾಣುವ ಕಡೆ ಕೂತುಕೊಳ್ಳಿ. ನೇರ ರಸ್ತೆಯ ಕೊನೆಯಲ್ಲಿ ಬರುವ ವೇಗದ ಬಲ ತಿರುವು. ಬಿಸಿಲು ವಿಪರೀತ, ಟೋಪಿ, ನೀರು ಇಲ್ಲದೆ ಹೋಗಲೇಬೇಡಿ. ಬಾವುಟ ಹಿಡಿದು ಬಿಸಿಲಲ್ಲಿ ಇಡೀ ದಿನ ನಿಲ್ಲುವ ಮಾರ್ಷಲ್‌ಗಳನ್ನು ನೋಡಿ. ವಾರವೆಲ್ಲ ಬೇರೆ ಕೆಲಸ ಮಾಡಿ, ಶನಿವಾರ ಭಾನುವಾರ ಇಲ್ಲಿಗೆ ಬರುವವರು. ಮುಂದೆ ಅಪಾಯ ಇದೆ ಎಂದು ಎಚ್ಚರಿಸುವ ಹಳದಿ ಬಾವುಟ ಒಂದು ಕ್ಷಣ ತಡವಾದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತು.

ಕೊಯಮತ್ತೂರಿನ ಕಾರಿ ಸ್ಪೀಡ್‌ವೇ ಇನ್ನೂ ಚಿಕ್ಕದು, 2.1 ಕಿಲೋಮೀಟರ್. ಅದಕ್ಕೆ ಎಸ್. ಕರಿವರ್ಧನ್ ಅವರ ಹೆಸರಿಟ್ಟಿದ್ದಾರೆ. ಮಾರುತಿ ಎಂಜಿನ್ ಹಾಕಿ ಕಡಿಮೆ ಖರ್ಚಿನ ರೇಸ್ ಕಾರು ಕಟ್ಟಿದವರು ಅವರು. ದುಡ್ಡಿದ್ದವರ ಆಟವಾಗಿದ್ದ ರೇಸಿಂಗ್‌ಗೆ ಸಾಮಾನ್ಯ ಮನೆಗಳ ಹುಡುಗರು ಬರಲು ದಾರಿ ಮಾಡಿಕೊಟ್ಟರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ರೇಸ್ ಓಡಿಸುತ್ತಿದ್ದ ಬಿ. ವಿಜಯ್ ಕುಮಾರ್ ಅವರು ಜಾಗ ತೆಗೆದುಕೊಂಡು ಕಟ್ಟಿಸಿದ ಟ್ರ್ಯಾಕ್ 2003ರಲ್ಲಿ ತೆರೆಯಿತು. ಪುಟ್ಟ ಟ್ರ್ಯಾಕ್, ಆದರೆ ಕೆಲಸ ನಿಂತಿಲ್ಲ.

ಈಗ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್ ನೋಡಿ. 5.125 ಕಿಲೋಮೀಟರ್, ಜರ್ಮನಿಯ ಹರ್ಮನ್ ಟಿಲ್ಕೆ ವಿನ್ಯಾಸ. 2011ರ ಮೊದಲ ಅಭ್ಯಾಸದ ದಿನ ಟ್ರ್ಯಾಕ್‌ಗೆ ಬೀದಿನಾಯಿ ನುಗ್ಗಿದ್ದನ್ನೇ ಜನ ಇವತ್ತಿಗೂ ಹೇಳಿ ನಗುತ್ತಾರೆ. ನನಗೆ ಆ ನಗು ಇಷ್ಟವಾಗುವುದಿಲ್ಲ. ಟ್ರ್ಯಾಕ್ ನಿಜಕ್ಕೂ ಚೆನ್ನಾಗಿದೆ. ಮೂರನೇ ತಿರುವಿಗೆ ಹತ್ತುವ ಏರು, ಅಲ್ಲಿಂದ ಶುರುವಾಗುವ ಉದ್ದನೆಯ ನೇರ ರಸ್ತೆ, ಇಂಥದ್ದು ನಮ್ಮ ದೇಶದಲ್ಲಿ ಇನ್ನೆಲ್ಲೂ ಇಲ್ಲ. 2011, 2012, 2013, ಮೂರೇ ವರ್ಷ ಫಾರ್ಮುಲಾ 1 ಬಂದದ್ದು. ಮೂರೂ ಸಲ ಗೆದ್ದದ್ದು ಸೆಬಾಸ್ಟಿಯನ್ ವೆಟ್ಟೆಲ್. ಆಮೇಲೆ ತೆರಿಗೆ ಜಗಳ, ಅದು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2017ರಲ್ಲಿ ತೀರ್ಪು ಬಂತು. 2023ರಲ್ಲಿ ಒಮ್ಮೆ ಮೋಟೊಜಿಪಿ ಎಂಬ ಬೈಕ್ ರೇಸಿನ ವಿಶ್ವ ಚಾಂಪಿಯನ್‌ಶಿಪ್ ಬಂದು ಹೋಯಿತು. ಅದೇ ವರ್ಷ ಫೆಬ್ರುವರಿಯಲ್ಲಿ ಹೈದರಾಬಾದ್‌ನ ಹುಸೇನ್ ಸಾಗರದ ದಡದ ರಸ್ತೆಗಳಲ್ಲಿ ಫಾರ್ಮುಲಾ ಇ ಎಂಬ ಎಲೆಕ್ಟ್ರಿಕ್ ಕಾರುಗಳ ರೇಸ್ ನಡೆಯಿತು. ಮರುವರ್ಷದ ರೇಸ್ ರದ್ದು.

ನನಗೆ ಕಂಡ ಉತ್ತರ ಹೀಗಿದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ರೇಸ್‌ಗೆ ಅಂತ ಕಟ್ಟಿದ ಟ್ರ್ಯಾಕ್, ಆ ರೇಸ್ ಹೋದ ಮೇಲೆ ಒದ್ದಾಡುತ್ತದೆ. ಮೊದಲು ಕ್ಲಬ್ ಇದ್ದು, ಆಮೇಲೆ ಟ್ರ್ಯಾಕ್ ಬಂದ ಕಡೆ ಅದು ಉಳಿಯುತ್ತದೆ. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನ ಹಳೆಯ ಟ್ರ್ಯಾಕ್ 1927ರದ್ದು, 20.832 ಕಿಲೋಮೀಟರ್. 1976ರಲ್ಲಿ ನಿಕಿ ಲೌಡಾ ಎಂಬ ಡ್ರೈವರ್ ಅಲ್ಲಿ ಬೆಂಕಿಯಲ್ಲಿ ಸಿಲುಕಿದ ಮೇಲೆ ಫಾರ್ಮುಲಾ 1 ಆ ಟ್ರ್ಯಾಕ್‌ಗೆ ಮರಳಲೇ ಇಲ್ಲ. ಆದರೂ ಅದು ಗಿಜಿಗುಡುತ್ತದೆ. ನಿಗದಿತ ದಿನಗಳಲ್ಲಿ ಯಾರು ಬೇಕಾದರೂ ದುಡ್ಡು ಕೊಟ್ಟು ತಮ್ಮ ಸ್ವಂತ ಕಾರಿನಲ್ಲಿ ಒಂದು ಸುತ್ತು ಹೋಗಬಹುದು. ಫ್ರಾನ್ಸಿನ ರೀಮ್ಸ್‌ನಲ್ಲಿ 1966ರ ನಂತರ ಫಾರ್ಮುಲಾ 1 ಇಲ್ಲ. ಆದರೂ ಹೊಲಗಳ ನಡುವೆ ರಸ್ತೆ ಪಕ್ಕದಲ್ಲಿ ರೇಸ್ ನಡುವೆ ಕಾರು ನಿಲ್ಲಿಸಿ ಸರಿಮಾಡುತ್ತಿದ್ದ ಹಳೆಯ ಪಿಟ್, ಗ್ಯಾಲರಿಗಳು ನಿಂತಿವೆ. ಸ್ಥಳೀಯರು ಸೇರಿಕೊಂಡು ಅವಕ್ಕೆ ಬಣ್ಣ ಹೊಡೆದು ಕಾಪಾಡುತ್ತಿದ್ದಾರೆ. ಟಿಕೆಟ್ಟೂ ಇಲ್ಲ, ಗೇಟೂ ಇಲ್ಲ.

ಮತ್ತೆ ನಮ್ಮ ಕರ್ನಾಟಕ? ಬೆಂಗಳೂರಿನ ಅರ್ಜುನ್ ಮೈನಿ ಜರ್ಮನಿಯ ಡಿಟಿಎಂ ಎಂಬ ಕಾರ್ ರೇಸ್ ಸರಣಿಯಲ್ಲಿ, ಅವರ ತಮ್ಮ ಕುಶ್ ಫಾರ್ಮುಲಾ 1ಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2ರಲ್ಲಿ ಓಡಿಸಿದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್, ಉಡುಪಿಯ ಕೆ.ಪಿ. ಅರವಿಂದ್ ಮರುಭೂಮಿಯಲ್ಲಿ ನಡೆಯುವ ಡಕಾರ್ ರ‍್ಯಾಲಿಗೆ ಹೋದವರು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ರಸ್ತೆಯಲ್ಲಿ ರ‍್ಯಾಲಿ ನಡೆಯುತ್ತದೆ. ಕಾರ್ಟಿಂಗ್ ಟ್ರ್ಯಾಕ್‌ಗಳಿವೆ. ಆದರೆ ಇರುಂಗಾಟ್ಟುಕೋಟ್ಟೈನಂಥ ಒಂದು ಖಾಯಂ ಟ್ರ್ಯಾಕ್ ಇಲ್ಲ. ನಮ್ಮ ಹುಡುಗರು ಕಾರು, ಬೈಕುಗಳನ್ನು ಲಾರಿಗೆ ಹೇರಿಕೊಂಡು ರಾತ್ರಿಯಿಡೀ ಹೊಸೂರು ದಾಟಿ ತಮಿಳುನಾಡಿಗೆ ಹೋಗುತ್ತಾರೆ. ನನಗೆ ಸಿಟ್ಟು ಬರುವುದು ಇದಕ್ಕೆ.

ಫಾರ್ಮುಲಾ 1 ಬೇಡ. ವಿದೇಶಿ ವಿನ್ಯಾಸಕಾರರೂ ಬೇಡ. ಕೋಲಾರದ ಕಡೆಯೋ, ತುಮಕೂರಿನ ಕಡೆಯೋ ಕೊಯಮತ್ತೂರಿನಷ್ಟೇ ಚಿಕ್ಕದೊಂದು ಟ್ರ್ಯಾಕ್ ಸಾಕು. ಶನಿವಾರ ಬೆಳಿಗ್ಗೆ ಕಾಲೇಜು ಹುಡುಗರು, ಹುಡುಗಿಯರು ಹೆಲ್ಮೆಟ್ ಹಾಕಿಕೊಂಡು ತಮ್ಮ ಬೈಕ್ ತಂದು, ಶುಲ್ಕ ಕಟ್ಟಿ, ಆಂಬುಲೆನ್ಸ್ ಪಕ್ಕದಲ್ಲಿರುವಾಗ ಓಡಿಸಲಿ. ಈಗ ಅವರು ಮಧ್ಯರಾತ್ರಿ ಏರ್‌ಪೋರ್ಟ್ ರಸ್ತೆಯಲ್ಲಿ ಓಡಿಸುತ್ತಿದ್ದಾರೆ. ಅಲ್ಲಿ ಹಳದಿ ಬಾವುಟ ಹಿಡಿಯುವವರು ಯಾರೂ ಇಲ್ಲ.