ಬೋಲ್ಟ್ ರೈಫಲ್‌ಗೆ ತುಂಬಿದ ತೋಟಾ ಸೆಮಿ-ಆಟೊಮ್ಯಾಟಿಕ್‌ಗೂ ಆಗುತ್ತದೆಯೇ?

ಬೇಟೆಯ ತೋಟಾಗಳನ್ನು ಕೈಯಾರೆ ತುಂಬಿಕೊಳ್ಳುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಬೋಲ್ಟ್ ಆ್ಯಕ್ಷನ್ ರೈಫಲ್‌ಗೆಂದು (ಚೇಂಬರಿನ ಹಿಂಬದಿ ಮುಚ್ಚುವ ಬೋಲ್ಟನ್ನು ಪ್ರತಿ ಸಲವೂ ಕೈಯಿಂದ ಎಳೆದು ಮುಚ್ಚುವಂಥದ್ದು) ತುಂಬಿಟ್ಟ ತೋಟಾವನ್ನು, ಕ್ಯಾಲಿಬರ್ ಒಂದೇ ಆಗಿದ್ದರೆ, ಸೆಮಿ-ಆಟೊಮ್ಯಾಟಿಕ್ ರೈಫಲ್‌ನಲ್ಲೂ ಹಾರಿಸಬಹುದೇ? ಹಾಗೆ ಮಾಡಬೇಡಿ ಎಂದೇ ನಾನು ಹೇಳುತ್ತೇನೆ.

ಬೋಲ್ಟ್ ರೈಫಲ್‌ನಲ್ಲಿ ತೋಟಾವನ್ನು ಚೇಂಬರಿಗೆ, ಅಂದರೆ ನಳಿಕೆಯ ಬುಡದಲ್ಲಿ ಅದು ಕೂರುವ ಗೂಡಿಗೆ, ತಳ್ಳುವುದು ನಮ್ಮ ಕೈ. ಕೇಸು, ಅಂದರೆ ತೋಟಾದ ಹಿತ್ತಾಳೆಯ ಕವಚ, ಒಂದು ಕೂದಲೆಳೆಯಷ್ಟು ದೊಡ್ಡದಾಗಿದ್ದರೂ ಬೋಲ್ಟಿನ ಹಿಡಿ ಬಿಗಿಯುತ್ತದೆ, ನಾವು ನಿಲ್ಲಿಸುತ್ತೇವೆ. ಸೆಮಿ-ಆಟೊಮ್ಯಾಟಿಕ್‌ನಲ್ಲಿ ಆ ಕೆಲಸವನ್ನು ಸ್ಪ್ರಿಂಗ್ ಮಾಡುತ್ತದೆ, ಮತ್ತು ಸ್ಪ್ರಿಂಗಿಗೆ ಬಿಗಿತ ತಿಳಿಯುವುದಿಲ್ಲ. ಆದ್ದರಿಂದ ಕೈಗೆ ತಿಳಿಯಬೇಕಾಗಿದ್ದನ್ನೆಲ್ಲ ತುಂಬುವ ಮೇಜಿನ ಮೇಲೆಯೇ ಅಳೆದು ತಿಳಿದುಕೊಳ್ಳಬೇಕು.

ಮೊದಲನೆಯದು ಕೇಸಿನ ಅಳತೆ. ಒಂದೇ ಬೋಲ್ಟ್ ರೈಫಲ್‌ನಲ್ಲಿ ಹಾರಿಸಿದ ಕೇಸಿನ ಕುತ್ತಿಗೆಯನ್ನಷ್ಟೇ ಡೈನಲ್ಲಿ (ಕೇಸನ್ನು ಒತ್ತಿ ಅಳತೆಗೆ ತರುವ ಅಚ್ಚು) ಒತ್ತಿ ಮತ್ತೆ ಬಳಸುವವರಿದ್ದಾರೆ. ಸೆಮಿ-ಆಟೊಮ್ಯಾಟಿಕ್‌ಗೆ ಇಡೀ ಕೇಸನ್ನು ಒತ್ತಲೇಬೇಕು. ಹಾರಿಸಿದ ಕೇಸಿನ ಅಳತೆಗಿಂತ ಅದರ ಭುಜವನ್ನು (ಕುತ್ತಿಗೆಯ ಕೆಳಗಿನ ಇಳಿಜಾರು) ಸುಮಾರು 0.003ರಿಂದ 0.004 ಇಂಚು ಹಿಂದಕ್ಕೆ ತರುವುದು ವಾಡಿಕೆ, ಬೋಲ್ಟ್ ರೈಫಲ್‌ಗಾದರೆ ಅದರ ಅರ್ಧ ಸಾಕು. ಅದಕ್ಕಿಂತ ಹೆಚ್ಚು ಒತ್ತಿದರೆ ಪ್ರತಿ ಸಲವೂ ಹಿತ್ತಾಳೆ ಹಿಗ್ಗಿ ಬುಡದ ಬಳಿ ತೆಳುವಾಗುತ್ತದೆ. .308 ವಿಂಚೆಸ್ಟರ್ ಎಂಬ ಬಗೆಯ ತೋಟಾದ ಕೇಸಿನ ಉದ್ದ 2.015 ಇಂಚು ಮೀರಬಾರದು, ನಾನು 2.005ಕ್ಕೆ ಕತ್ತರಿಸುತ್ತೇನೆ.

ನನಗೆ ಹೆಚ್ಚು ಭಯವಿರುವುದು ಪ್ರೈಮರ್ ವಿಷಯದಲ್ಲಿ; ಕೇಸಿನ ಬುಡದಲ್ಲಿದ್ದು, ಪೆಟ್ಟು ಬಿದ್ದಾಗ ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಟ್ಟಲು ಅದು. ಹಲವು ಸೆಮಿ-ಆಟೊಮ್ಯಾಟಿಕ್ ರೈಫಲ್‌ಗಳಲ್ಲಿ ಫೈರಿಂಗ್ ಪಿನ್ನನ್ನು (ಪ್ರೈಮರಿಗೆ ಪೆಟ್ಟು ಕೊಡುವ ಕಡ್ಡಿ) ಹಿಂದಕ್ಕೆ ಹಿಡಿದಿಡುವ ಸ್ಪ್ರಿಂಗ್ ಇರುವುದಿಲ್ಲ. ಬೋಲ್ಟ್ ರಭಸದಿಂದ ಮುಚ್ಚಿಕೊಂಡಾಗ ಪಿನ್ ತನ್ನ ಓಟದಲ್ಲೇ ಮುಂದೆ ಹೋಗಿ ಪ್ರೈಮರನ್ನು ಮೆಲ್ಲಗೆ ತಾಕುತ್ತದೆ. ಪ್ರೈಮರ್ ಕೇಸಿನ ಬುಡಕ್ಕಿಂತ ಎದ್ದು ನಿಂತಿದ್ದರೆ, ಅಥವಾ ತೀರ ಸೂಕ್ಷ್ಮ ಬಗೆಯದಾಗಿದ್ದರೆ, ಟ್ರಿಗರನ್ನು ಮುಟ್ಟದೆಯೇ ಗುಂಡು ಹಾರಬಹುದು. ಬೋಲ್ಟನ್ನು ಬೀಗದಂತೆ ಹಿಡಿಯುವ ಲಗ್ಗುಗಳು ಪೂರ್ತಿ ಕಚ್ಚಿಕೊಳ್ಳುವ ಮೊದಲೇ ಹಾಗಾದರೆ ರೈಫಲ್ಲೇ ಒಡೆದು ಹಿಡಿದವರಿಗೆ ಗಾಯವಾಗುತ್ತದೆ. ಹಾಗಾಗಿ ಗಟ್ಟಿ ಬಟ್ಟಲಿನ ಪ್ರೈಮರ್ ಆರಿಸಿ, ಬುಡಕ್ಕಿಂತ ಕೊಂಚ ಒಳಗೆ ಕೂರುವಂತೆ ಒತ್ತಿ, ಒಂದೊಂದನ್ನೂ ಬೆರಳ ತುದಿಯಿಂದ ಸವರಿ ನೋಡುತ್ತೇನೆ. ಐವತ್ತು ತೋಟಾ ತುಂಬಿದರೆ ಐವತ್ತನ್ನೂ.

ಮದ್ದಿನ ಆಯ್ಕೆಯೂ ಬೇರೆಯೇ. ಗ್ಯಾಸ್‌ನಿಂದ ನಡೆಯುವ ಸೆಮಿ-ಆಟೊಮ್ಯಾಟಿಕ್ ರೈಫಲ್‌ನಲ್ಲಿ, ಗ್ಯಾಸನ್ನು ಹೊರಗೆ ಬಿಡಲು ನಳಿಕೆಯಲ್ಲಿ ಕೊರೆದ ರಂಧ್ರದ ಬಳಿ ಉಳಿದಿರುವ ಒತ್ತಡವೇ ಯಂತ್ರವನ್ನು ತಳ್ಳುತ್ತದೆ. ತೀರ ನಿಧಾನವಾಗಿ ಉರಿಯುವ ಮದ್ದು ಚೇಂಬರಿನ ಮಿತಿಯೊಳಗೇ ಇದ್ದುಕೊಂಡು ರಂಧ್ರದ ಬಳಿ ಹೆಚ್ಚು ಒತ್ತಡ ಕೊಡಬಲ್ಲದು; 1936ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡ ಎಂ1 ಗ್ಯಾರಂಡ್ ಎಂಬ ಸೆಮಿ-ಆಟೊಮ್ಯಾಟಿಕ್ ರೈಫಲ್‌ನ ಆಪರೇಟಿಂಗ್ ರಾಡ್ (ಗ್ಯಾಸಿನ ಒತ್ತಡದಿಂದ ಬೋಲ್ಟನ್ನು ಹಿಂದಕ್ಕೆ ಸರಿಸುವ ಕಂಬಿ) ಇದರಿಂದ ಬಾಗುವುದು ಅದನ್ನು ಬಳಸುವವರಿಗೆಲ್ಲ ಗೊತ್ತಿರುವ ತೊಂದರೆ. ಮದ್ದಿನ ತೂಕವನ್ನು ತಯಾರಕರ ಕೈಪಿಡಿಯಿಂದಲೇ ತೆಗೆದುಕೊಳ್ಳಿ, ಸ್ನೇಹಿತರ ಚೀಟಿಯಿಂದಲ್ಲ.

ಹಾರಿಸಿದ ಕೇಸನ್ನು ಮತ್ತೆ ತುಂಬುವ ಮೊದಲು ತುದಿ ಬಾಗಿಸಿದ ಸಣ್ಣ ತಂತಿಯನ್ನು ಒಳಗಿಳಿಸಿ, ಗೋಡೆಗೆ ಒತ್ತಿ ಬುಡದಿಂದ ಮೇಲಕ್ಕೆ ಎಳೆಯುತ್ತೇನೆ. ಒಳ್ಳೆಯ ಕೇಸಿನಲ್ಲಿ ತಂತಿ ನಯವಾಗಿ ಜಾರುತ್ತದೆ. ಬುಡದ ಬಳಿ ಗೆರೆಗೆ ಸಿಕ್ಕಿದಂತೆ ಅದು ಒಂದು ಕ್ಷಣ ತಡೆದರೆ ಅಲ್ಲಿ ಹಿತ್ತಾಳೆ ತೆಳುವಾಗಿದೆ ಎಂದರ್ಥ; ಹೊರಗೆ ಎಷ್ಟೇ ಹೊಳೆಯುತ್ತಿರಲಿ, ಆ ಕೇಸಿನ ಬಾಯನ್ನು ಇಕ್ಕಳದಿಂದ ಹಿಸುಕಿ ಗುಜರಿಯ ಡಬ್ಬಿಗೆ ಹಾಕುತ್ತೇನೆ.