ವಸ್ತಿ ಬಸ್ಸಿನ ಬೆನ್ನು ಹತ್ತಿ: ಅಳ್ನಾವರದಿಂದ ರೋಣದವರೆಗೆ

ಗದಗಿನ ಲಾಡ್ಜೊಂದರಲ್ಲಿ 1,600 ರೂಪಾಯಿ ಕೊಟ್ಟು ನಿದ್ದೆಗೆಟ್ಟೆವು. ಮರುದಿನ ರೋಣ ತಾಲ್ಲೂಕಿನ ಹಳ್ಳಿಯೊಂದರ ಗುಡಿ ಕಟ್ಟೆಯ ಮೇಲೆ ಒಂದು ಪೈಸೆ ಕೊಡದೆ ಬೆಳಗಿನ ತನಕ ಗಡದ್ದಾಗಿ ಮಲಗಿದೆವು. ಬಸ್ಸಿನ ಹುಚ್ಚಿದ್ದವರು ಈ ಕಡೆ ಬರುವುದಾದರೆ ಎರಡನೆಯ ದಾರಿ, ಅಂದರೆ ರಾತ್ರಿ ಹಳ್ಳಿಯಲ್ಲೇ ಉಳಿಯುವ ವಸ್ತಿ ಬಸ್ಸಿನ ದಾರಿ, ಹಿಡಿಯಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ನಾವು ಮೂವರು. ನಾನು ಬಸ್ಸಿನವನು, ಗೆಳೆಯ ರೈಲಿನವನು, ನನ್ನ ತಂಗಿಗೆ ಎರಡೂ ಬೇಕು. ಪ್ರತಿ ವರ್ಷ ಸಂಕ್ರಾಂತಿ ಮುಗಿದ ಮೇಲೆ ಹಳ್ಳಿ ಬಸ್ಸು, ಹಳೆಯ ರೈಲು ಹಳಿ ನೋಡಲು ಧಾರವಾಡದಿಂದ ಹೊರಡುತ್ತೇವೆ. ಆ ಹೊತ್ತಿಗೆ ಎರೆಹೊಲ ಒಣಗಿರುತ್ತದೆ. ಮಳೆಗಾಲದಲ್ಲಿ ಗದಗ, ರೋಣ, ನವಲಗುಂದ ಕಡೆ ಡಾಂಬರು ಬಿಟ್ಟು ಹತ್ತು ಹೆಜ್ಜೆ ಇಟ್ಟರೆ ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ, ಹಳೆಯ ಹಳಿಯ ಕುರುಹು ಹುಡುಕುವ ಮಾತೇ ಇಲ್ಲ. ಜನವರಿಯಲ್ಲಾದರೆ ಹೊಲದ ಬದುವಿನಲ್ಲಿ ನಡೆಯಬಹುದು, ದಾರಿಯಲ್ಲಿ ಹಸಿ ಕಡಲೆಯ ಸುಲಗಾಯಿ, ಸುಟ್ಟ ಎಳೆಜೋಳದ ಸೀತನಿ ಸಿಗುತ್ತವೆ.

ಮೊದಲ ದಿನ ಅಳ್ನಾವರ. ಧಾರವಾಡದಿಂದ ಬಸ್ ಬೇಕಾದಷ್ಟಿವೆ, ಬಲಗಡೆ ಕಿಟಕಿ ಹಿಡಿಯಿರಿ. ಅಳ್ನಾವರದಿಂದ ದಾಂಡೇಲಿ ಕಡೆ ಕಾಡಿನೊಳಗೆ ಹೋಗುವ ರೈಲು ಮಾರ್ಗ ಮರ ಸಾಗಿಸಲೆಂದು ಹಾಕಿದ್ದು. ಸುಮಾರು ಇಪ್ಪತ್ತೈದು ವರ್ಷ ಅದರ ಮೇಲೆ ಪ್ಯಾಸೆಂಜರ್ ಓಡಲಿಲ್ಲ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದು, 2019ರ ನವೆಂಬರ್‌ನಲ್ಲಿ ಅಂಬೇವಾಡಿವರೆಗೆ ಮತ್ತೆ ಪ್ಯಾಸೆಂಜರ್ ಬಿಟ್ಟರು. ಸತ್ತ ಮಾರ್ಗ ಎಂದು ಯಾರೋ ಹೇಳಿದ್ದನ್ನು ನಂಬಿ ಹಳಿ ಮೇಲೆ ನಡೆದು ಫೋಟೊ ತೆಗೆಯುವ ಹುಡುಗರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ರೈಲು ಕಾಣದಿದ್ದರೂ ಅದು ರೈಲ್ವೆಯ ಜಾಗ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅನುಮತಿಯಿಲ್ಲದೆ ಹೊಕ್ಕವರಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಾವು ಗೇಟಿನ ಬಳಿ ರಸ್ತೆಯಲ್ಲೇ ನಿಂತು ನೋಡಿದೆವು. ಹಳಿ ಹಗುರವಾಗಿ ಹೊರಳಿ ಮರಗಳೊಳಗೆ ಮರೆಯಾಗುವ ತಿರುವು ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ.

ಹುಬ್ಬಳ್ಳಿಯಲ್ಲಿ 1,507 ಮೀಟರ್ ಪ್ಲಾಟ್‌ಫಾರ್ಮಿನ ಬಗ್ಗೆ ಎಲ್ಲರೂ ಬರೆದಾಗಿದೆ. ನಾನು ಹೇಳುವುದು ಗದಗ ರಸ್ತೆಯ ರೈಲ್ವೆ ಮ್ಯೂಸಿಯಂ ಬಗ್ಗೆ. ಹಳ್ಳಿ ಕಡೆ ಹೋಗುವ ಮೊದಲು ಅದನ್ನು ನೋಡಿಕೊಳ್ಳಿ. ಮೀಟರ್ ಗೇಜ್ ಎಂದರೆ ಹಳಿಗಳ ನಡುವೆ 1,000 ಮಿಲಿಮೀಟರ್, ಬ್ರಾಡ್ ಗೇಜಿಗೆ 1,676. ಪುಸ್ತಕದಲ್ಲಿ ಓದಿದರೆ ಇದು ಬರೀ ಅಂಕಿ. ಸಣ್ಣ ಗಾಡಿಯ ಪಕ್ಕ ನಿಂತು ನೋಡಿದರೆ ನಮ್ಮ ಅಜ್ಜಂದಿರು ಎಷ್ಟು ಇಕ್ಕಟ್ಟಿನಲ್ಲಿ ಕೂತು ಸೊಲ್ಲಾಪುರಕ್ಕೆ ಹೋಗಿಬರುತ್ತಿದ್ದರು ಎಂಬುದು ತಿಳಿಯುತ್ತದೆ.

ಲಾಡ್ಜಿನ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ 800 ಎಂದಿದ್ದರು. ರಾತ್ರಿ ಒಂಬತ್ತಕ್ಕೆ ಹೋದಾಗ ಮದುವೆ ಸೀಸನ್, ಮೂರು ಜನ, ಎರಡು ರೂಮು ಎಂದು 1,600 ಕೇಳಿದರು. ಎರಡು ರೂಮಿಗೆ ಸರಿಯೇ ಆಯಿತಲ್ಲ ಎಂದು ಕೊಟ್ಟೆವು. ಕೊಟ್ಟ ಮೇಲೆ ಒಂದು ರೂಮಿನ ಕೀಲಿ ಮಾತ್ರ ಬಂತು, ಇನ್ನೊಂದು ರೂಮು "ಹತ್ತು ಮಿನಿಟಿನ್ಯಾಗ ಖಾಲಿ ಆಗ್ತೈತ್ರಿ" ಎಂದರು. ಅದು ಖಾಲಿಯಾಗಲೇ ಇಲ್ಲ. ತಂಗಿಗೆ ಮಂಚ ಬಿಟ್ಟುಕೊಟ್ಟು ನಾವಿಬ್ಬರು ನೆಲಕ್ಕೆ ಚಾದರ ಹಾಸಿಕೊಂಡೆವು. ನಲ್ಲಿಯಲ್ಲಿ ನೀರಿಲ್ಲ, ಬಕೆಟ್ಟಿನಲ್ಲಿ ಅರ್ಧ. ಬೆಳಿಗ್ಗೆ ಹಣ ವಾಪಸ್ ಕೇಳಿದರೆ ರಾತ್ರಿ ಇದ್ದ ಹುಡುಗ ಡ್ಯೂಟಿ ಮುಗಿಸಿ ಹೋಗಿದ್ದ, ರಸೀದಿ ನಮ್ಮ ಕೈಯಲ್ಲಿ ಇರಲಿಲ್ಲ. ಹಣಕ್ಕಿಂತ ಹೆಚ್ಚಾಗಿ, ನಂಬಿ ಮೊದಲೇ ಕೊಟ್ಟದ್ದು ಇನ್ನೂ ಮನಸ್ಸಿಗೆ ಚುಚ್ಚುತ್ತದೆ. ಎರಡು ಕೀಲಿ ಕೈಗೆ ಬರುವವರೆಗೆ ಎರಡು ರೂಮಿನ ದುಡ್ಡು ಕೊಡಬೇಡಿ. ರೂಮಿಗೆ ಹೋಗಿ ನಲ್ಲಿ ತಿರುಗಿಸಿ ನೋಡಿ. ರಸೀದಿ ಬರೆಸಿಕೊಳ್ಳಿ.

ಆ ಸಿಟ್ಟಿನಲ್ಲೇ ಗದಗಿನಿಂದ ಪ್ಯಾಸೆಂಜರ್ ಹತ್ತಿ ಹೊಳೆಆಲೂರಿಗೆ ಹೋದೆವು. ಈ ಮಾರ್ಗದ ಹುಟ್ಟು ಗೊತ್ತಿದ್ದರೆ ಕಿಟಕಿಯಾಚೆಯ ಹೊಲ ಬೇರೆ ರೀತಿ ಕಾಣುತ್ತದೆ. 1876–78ರ ಭೀಕರ ಬರದ ನಂತರ, ಇನ್ನೊಮ್ಮೆ ಬರ ಬಂದರೆ ಕಾಳು ಸಾಗಿಸಲು ದಾರಿ ಇರಬೇಕೆಂದು ಯೋಚಿಸಿದ ಮಾರ್ಗಗಳಲ್ಲಿ ಹೊಟಗಿ–ಗದಗ ಒಂದು. ಅದಕ್ಕೆಂದೇ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು, 1884ರಲ್ಲಿ ಗಾಡಿ ಓಡಿತು. ಇವತ್ತು ಅದೇ ಹೊಲದಲ್ಲಿ ಬಿಳಿಜೋಳ ತೆನೆ ತೂಗುತ್ತಿದೆ. ಹೊಳೆಆಲೂರಿನ ಆಚೆ ರೈಲು ಮಲಪ್ರಭೆ ದಾಟುತ್ತದೆ. ನಮ್ಮ ಗೆಳೆಯ ಸೇತುವೆ ನೋಡುತ್ತಾ ಎರಡು ತಾಸು ಅಲ್ಲೇ ಕಳೆದ, ನಾವು ಬೇವಿನ ನೆರಳಿನಲ್ಲಿ ಕೂತೆವು. ಊರಿನಿಂದ ಹೊಳೆಗೆ ಟಂಟಂ ಆಟೊ ಬಾಡಿಗೆ ಹಿಡಿಯುವುದಾದರೆ "ಹೋಗಿಬರೂದು ಸೇರಿ, ಮೂರೂ ಮಂದಿಗೆ ಕೂಡಿ" ಎಂದು ಬಾಯಿಬಿಟ್ಟು ಕೇಳಿ. ನಾವು ಕೇಳಲಿಲ್ಲ, ತಲೆಗಿಷ್ಟು ಎಂದು ಮೂರು ಪಟ್ಟು ತೆತ್ತೆವು.

ಮಧ್ಯಾಹ್ನ ರೋಣದಲ್ಲಿ ಊಟ. ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ಓಣಿಯೊಳಗೆ ಒಂದು ಖಾನಾವಳಿ. ಬೋರ್ಡಿನ ಬಣ್ಣ ಹೋಗಿದೆ, ರೊಟ್ಟಿ ಬಡಿಯುವ ಸದ್ದು ಹಿಡಿದು ಹೋಗಬೇಕು. ಒಳಗೆ ನಾಲ್ಕೇ ಟೇಬಲ್ಲು. ಒಲೆ ಮುಂದೆ ಕೂತ ಅಕ್ಕ ಹಿಟ್ಟಿನ ಉಂಡೆಯನ್ನು ಎರಡೂ ಅಂಗೈಯಲ್ಲಿ ತಟ್ಟುತ್ತಾ ತಿರುಗಿಸುತ್ತಾ ಬಂದರೆ ನೋಡನೋಡುತ್ತಲೇ ಅದು ತಾಟಿನಷ್ಟು ಅಗಲವಾಗುತ್ತಿತ್ತು. ಹೆಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ತಿರುವಿ, ಕೊನೆಗೆ ಕೆಂಡಕ್ಕೆ ಒರಗಿಸಿದಾಗ ಅದು ಉಬ್ಬುತ್ತಿತ್ತು. ಆ ಉಬ್ಬು ಇಳಿಯುವ ಮೊದಲು ನಮ್ಮ ತಾಟಿಗೆ ಬರುತ್ತಿತ್ತು. ಬದನೆಕಾಯಿ ಎಣ್ಣೆಗಾಯಿ, ಮಡಕಿಕಾಳು ಪಲ್ಯ, ಜುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಹಸಿ ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ, ಕೆನೆ ಕಟ್ಟಿದ ಮೊಸರು. ರೊಟ್ಟಿಗೆ ಲೆಕ್ಕವಿಲ್ಲ. ನಾನು ನಾಲ್ಕಕ್ಕೆ ಸಾಕು ಎಂದೆ. "ಏನ್ ಸರ, ಊಟಾ ಮಾಡೇ ಇಲ್ಲಲ್ರೀ ನೀವು" ಎಂದು ಐದನೆಯದು ಬಿತ್ತು. ಆಮೇಲೆ ಅನ್ನ, ಕಟ್ಟಿನ ಸಾರು, ಮಜ್ಜಿಗೆ. ತಲೆಗೆ 80 ರೂಪಾಯಿ. ತಂಗಿ ಹಿಂಡಿ ಕಟ್ಟಿಸಿಕೊಳ್ಳಲು ಕೇಳಿದರೆ ಕಾಗದದಲ್ಲಿ ಸುತ್ತಿ ಕೊಟ್ಟರು, ಅದಕ್ಕೆ ಬೇರೆ ದುಡ್ಡು ಬೇಡ ಎಂದರು. ಒಂದೂವರೆಯೊಳಗೆ ಹೋಗಿ. ಎರಡು ದಾಟಿದರೆ ಎಣ್ಣೆಗಾಯಿ ಮುಗಿದಿರುತ್ತದೆ, ಅದಿಲ್ಲದೆ ಆ ಊಟ ಪೂರ್ತಿ ಅಲ್ಲ.

ಆ ಅಕ್ಕನೇ ಹೇಳಿದ್ದು: "ಗದಗಿಗೆ ತಿರುಗಿ ಯಾಕ ಹೊಕ್ಕೀರಿ? ನಮ್ಮೂರಿಗೆ ಸಂಜೀಕ ವಸ್ತಿ ಗಾಡಿ ಐತಿ, ಅದ್ರಾಗ ಹೋಗ್ರಿ."

ವಸ್ತಿ ಬಸ್ ಎಂದರೆ ಸಂಜೆ ತಾಲ್ಲೂಕು ಕೇಂದ್ರದಿಂದ ಹೊರಟು, ಕೊನೆಯ ಹಳ್ಳಿಯಲ್ಲಿ ರಾತ್ರಿ ಉಳಿದು, ನಸುಕಿನಲ್ಲಿ ಮರಳುವ ಗಾಡಿ. ಡ್ರೈವರ್, ಕಂಡಕ್ಟರ್ ಇಬ್ಬರೂ ಊರಲ್ಲೇ ಮಲಗುತ್ತಾರೆ. ಬಸ್ ಪ್ರಿಯರು ಸ್ಲೀಪರ್, ವೋಲ್ವೊಗಳ ಹಿಂದೆ ಓಡುವುದನ್ನು ನೋಡಿದ್ದೇನೆ. ನನ್ನ ಮಟ್ಟಿಗೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆಯ ಜೀವ ಇರುವುದು ಈ ಗಾಡಿಗಳಲ್ಲಿ. 1997ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರ ಮಾಡಿಕೊಂಡು ಆ ಸಂಸ್ಥೆ ಬೇರೆಯಾಗುವುದಕ್ಕೂ ಮೊದಲಿನಿಂದ, ನಮ್ಮಪ್ಪ ಶಾಲೆಗೆ ಹೋಗುತ್ತಿದ್ದ ಕಾಲದಿಂದ, ಹಳ್ಳಿಯ ಗಡಿಯಾರವೇ ವಸ್ತಿ ಬಸ್ಸು.

ಹೊತ್ತಿನ ವಿಷಯದಲ್ಲಿ ಮೊಬೈಲ್ ನಂಬಬೇಡಿ, ಗೋಡೆ ಮೇಲೆ ಬರೆದ ಹಳೆಯ ಪಟ್ಟಿಯನ್ನೂ ನಂಬಬೇಡಿ. ನಿಲ್ದಾಣದಲ್ಲಿ ಹಾಲಿನ ಕ್ಯಾನು ಇಟ್ಟುಕೊಂಡು ಕೂತವರನ್ನು ಕೇಳಿ. ಭಾನುವಾರ ಹೋಗಲೇಬೇಡಿ. ಹಳ್ಳಿ ಬಸ್ಸು ನಡೆಯುವುದು ಶಾಲೆ–ಕಾಲೇಜಿನ ಗಂಟೆಗೆ, ರಜೆ ದಿನ ಟ್ರಿಪ್ ಕಡಿಮೆ. ಹೆಣ್ಣುಮಕ್ಕಳು ಆಧಾರ್ ಇಟ್ಟುಕೊಂಡರೆ 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಆದರೆ ಸೊನ್ನೆ ಟಿಕೆಟ್ ಕೇಳಿ ಪಡೆದು ಇಳಿಯುವ ತನಕ ಜೋಪಾನ ಮಾಡಿ. ಸಂತೆಯ ದಿನ ನಿಲ್ಲಲೂ ಜಾಗ ಸಿಗುವುದಿಲ್ಲ. ಬ್ಯಾಡಗಿ ಕಡೆ ಹೋಗುವವರಿಗೆ ಮೆಣಸಿನಕಾಯಿ ಪೇಟೆ ನಡೆಯುವ ಸೋಮವಾರ, ಗುರುವಾರ ಬೇಡವೆಂದು ಹೇಳುವವರಿದ್ದಾರೆ. ನಾನು ಆ ದಿನವೇ ಹೋಗುತ್ತೇನೆ. ಚೀಲ, ಮೂಟೆ, ಮಾತು, ಘಾಟು ಇಲ್ಲದ ಹಳ್ಳಿ ಬಸ್ಸಿನಲ್ಲಿ ಏನು ನೋಡುವುದು? ನೂಕುನುಗ್ಗಲು ಆಗದವರು ಕಾರು ಮಾಡಿಕೊಂಡು ಬನ್ನಿ, ಈ ಬರಹ ನಿಮಗಲ್ಲ.

ಊರ ಹೆಸರು ಬರೆಯುತ್ತಿಲ್ಲ. ನಮಗೆ ಜಾಗ ಕೊಟ್ಟವರ ಮನೆ ಮುಂದೆ ನಾಳೆ ಹತ್ತು ಮಂದಿ ನಿಲ್ಲಬಾರದು. ಗಾಡಿ ಹಳೆಯ ಲೇಲ್ಯಾಂಡ್. ಎಂಜಿನ್ ಪಕ್ಕದ ಉದ್ದ ಸೀಟು ಸಿಕ್ಕಿತು, ಜನವರಿ ಚಳಿಗೆ ಆ ಬಿಸಿ ಹಿತವಾಗಿತ್ತು. ಎರಡನೇ ಗೇರಿನಲ್ಲಿ ಅದು ಎಳೆಯುವ ರಾಗ ಕೇಳಲು ಕಣ್ಣು ಮುಚ್ಚಿ ಕೂತೆ. ಕೊನೆಯ ನಾಲ್ಕು ಕಿಲೋಮೀಟರ್ ರಸ್ತೆ ಕೆಟ್ಟದ್ದು, ಬೆನ್ನು ನೋವಿದ್ದವರು ಹಿಂದಿನ ಸೀಟಿಗೆ ಹೋಗಬೇಡಿ.

ಇಳಿದ ಕೂಡಲೇ ಒಬ್ಬ ಕಾಕಾ, "ಯಾರ ಮನಿಗ್ರೀ?" ಎಂದರು. ಯಾರ ಮನೆಗೂ ಅಲ್ಲ, ಬಸ್ಸು ನೋಡಲು ಬಂದೆವು ಎಂದಾಗ ಒಂದು ಗಳಿಗೆ ಸುಮ್ಮನಿದ್ದು, "ಹಂಗಾರ ಮೊದಲ ಚಾ ಕುಡೀರಿ" ಎಂದರು. ಅವರ ದನದ ಕೊಟ್ಟಿಗೆಯ ನಡುಗಂಬ ನೋಡಿ ಗೆಳೆಯ ಚಾ ಕಪ್ಪು ಕೆಳಗಿಟ್ಟ. ಅದು ರೈಲಿನ ಹಳಿ! ಸಣ್ಣ ಹಳಿ, ಅಂದರೆ ಮೀಟರ್ ಗೇಜ್, ಕಿತ್ತಾಗ ಹರಾಜಿನಲ್ಲಿ ತಂದದ್ದಂತೆ. ಎಮ್ಮೆಗಳು ಮೈ ತಿಕ್ಕಿ ತಿಕ್ಕಿ ಒಂದು ಬದಿ ಕನ್ನಡಿಯಂತೆ ಹೊಳೆಯುತ್ತಿತ್ತು. ಹಳಿಯ ನಡುಪಟ್ಟಿಯಲ್ಲಿ ಕಾರ್ಖಾನೆಯ ಹೆಸರು, ಇಸವಿ ಉಬ್ಬಕ್ಷರದಲ್ಲಿ ಇರುತ್ತವೆ. ಸೀಮೆಸುಣ್ಣ ಉಜ್ಜಿದರೆ ಎದ್ದು ಕಾಣುತ್ತವೆ, ಹಾಗಾಗಿ ಜೇಬಿನಲ್ಲಿ ಒಂದು ತುಂಡು ಇಟ್ಟುಕೊಂಡು ಹೋಗಿ. ನಮಗೆ 19 ಎಂಬೆರಡು ಅಂಕಿ ಸಿಕ್ಕವು, ಮುಂದಿನ ಎರಡನ್ನು ಎಮ್ಮೆ ಸವೆಸಿತ್ತು. ಪಾಳು ಮಾರ್ಗ ಹುಡುಕುವವರು ಹಳಿ ಇದ್ದ ಜಾಗಕ್ಕಿಂತ ಸುತ್ತಲಿನ ಊರುಗಳ ಕೊಟ್ಟಿಗೆ, ಬೇಲಿ, ಗುಡಿಯ ಚಪ್ಪರದ ಕಂಬ ನೋಡಬೇಕೆಂದು ನನಗೆ ಗೊತ್ತಾದದ್ದು ಅಲ್ಲೇ.

ತಂಗಿಯನ್ನು ಎದುರು ಮನೆಯ ಅಜ್ಜಿ ಕರೆದುಕೊಂಡು ಹೋದರು. ನಾವು ಗುಡಿ ಕಟ್ಟೆಯಲ್ಲಿ, ಡ್ರೈವರ್ ಸಾಹೇಬರ ಪಕ್ಕ. ದಪ್ಪ ಹೊದಿಕೆ ಬೇಕೇ ಬೇಕು, ನಸುಕಿನ ಗಾಳಿ ಎಲುಬಿಗೆ ಮುಟ್ಟುತ್ತದೆ. ಟಾರ್ಚು ಒಯ್ಯಿರಿ. ಗುಡಿಯೊಳಗೆ ಮಲಗುವುದಿದ್ದರೆ ಪೂಜಾರಿಯನ್ನು ಕೇಳಿ, ಕುಡಿದು ಹೋಗಬೇಡಿ, ಬೆಳಿಗ್ಗೆ ಕಟ್ಟೆ ಗುಡಿಸಿ ಬನ್ನಿ.

ಐದೂವರೆಗೆ ಎಂಜಿನ್ ಶುರುವಾದರೆ ಊರೆಲ್ಲ ಎದ್ದಂತೆ. ಹದಿನೈದು ನಿಮಿಷ ಅದು ಗುರುಗುಟ್ಟುತ್ತಾ ನಿಲ್ಲುತ್ತದೆ, ಅಷ್ಟರಲ್ಲಿ ಹಾಲಿನ ಕ್ಯಾನು, ಸೊಪ್ಪಿನ ಗಂಟು, ಪಾಟಿಚೀಲದ ಹುಡುಗಿಯರು ಬಂದು ತುಂಬಿಕೊಂಡರು. ಅಜ್ಜಿ ಬಿಳಿ ಅರಿವೆಯ ಬುತ್ತಿ ಗಂಟೊಂದನ್ನು ಕಂಡಕ್ಟರ್ ಕೈಗೆ ಕೊಡಲು ಬಂದವರು, ತಂಗಿಯನ್ನು ನೋಡಿ ಅವಳ ಮಡಿಲಲ್ಲಿಟ್ಟರು. ರೋಣದ ಹಾಸ್ಟೆಲ್ಲಿನಲ್ಲಿ ಓದುವ ಮೊಮ್ಮಗನಿಗೆ ರೊಟ್ಟಿ. ದಿನಾ ಗಾಡಿ ಬಂದಾಗ ಆತ ಬಂದು ಇಸಿದುಕೊಳ್ಳುತ್ತಾನಂತೆ. ದಾರಿಯುದ್ದಕ್ಕೂ ಗಂಟು ಬೆಚ್ಚಗಿತ್ತು. ನಿಲ್ದಾಣದಲ್ಲಿ ಬಸ್ ನಿಲ್ಲುವ ಮೊದಲೇ ಹುಡುಗ ಮುಂದಿನ ಬಾಗಿಲ ಬಳಿ ಓಡಿ ಬಂದು ಕೈ ಚಾಚಿದ. ಕಂಡಕ್ಟರ್ ಬದಲು ತಂಗಿ ಕೊಟ್ಟಿದ್ದಕ್ಕೆ ಒಮ್ಮೆ ಅವಳ ಮುಖ ನೋಡಿ, "ಅಜ್ಜಿ ಆರಾಮ್ ಅದಾಳಲ್ರಿ?" ಎಂದ.